ಕನ್ನಡಿ ಪೆಟ್ಟಿಗೆಯಲ್ಲಿ ಬೆಳಕು ಎಷ್ಟು ಹೊತ್ತು ಉಳಿಯುತ್ತದೆ? ಮನೆಯಲ್ಲೇ ಮಾಡಿ ನೋಡುವ ಬಗೆ

ಆರು ಮಗ್ಗುಲಿಗೂ ಕನ್ನಡಿ ಇರುವ ಪೆಟ್ಟಿಗೆಯೊಳಗೆ ಟಾರ್ಚಿನ ಬೆಳಕು ಬಿಟ್ಟು, ತಟ್ಟನೆ ಮುಚ್ಚಿಬಿಟ್ಟರೆ ಬೆಳಕು ಒಳಗೇ ಸಿಕ್ಕಿಕೊಳ್ಳುತ್ತದೆಯೇ? ವಿಜ್ಞಾನ ಮೇಳದಲ್ಲಿ ಕನ್ನಡಿಗಳನ್ನು ಜೋಡಿಸಿಟ್ಟ ಮೇಜಿನ ಮುಂದೆ ನಿಂತ ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಇಲ್ಲ, ಹೀರಿಕೊಂಡು ಹೋಗುತ್ತದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಒಳ್ಳೆಯ ಪ್ರಶ್ನೆಯೊಂದನ್ನು ಕೈಯಾರೆ ಕೊಂದಂತಾಗುತ್ತದೆ. ಯಾರು ಹೀರಿದರು, ಎಷ್ಟು ಹೊತ್ತಿಗೆ ಹೀರಿದರು, ಹೀರದ ಕನ್ನಡಿ ಇದ್ದರೆ ಏನಾಗುತ್ತಿತ್ತು ಎಂದು ಮಗು ಮುಂದೆ ಕೇಳಬೇಕು; ಅದಕ್ಕೆ ಉತ್ತರವನ್ನು ಮಗುವೇ ಕಣ್ಣಾರೆ ಕಾಣಬೇಕು. ದಾವಣಗೆರೆಯ ಅಂಗಡಿಗಳಲ್ಲಿ ಸಿಗುವ ಸಾಮಾನಿನಿಂದ ಅದನ್ನು ಮಾಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಮೊದಲು ಕನ್ನಡಿ ಪೆಟ್ಟಿಗೆ, ಆಮೇಲೆ ರಟ್ಟಿನ ಪೆಟ್ಟಿಗೆ, ಕೊನೆಗೆ ನೀವು ವಾಸಿಸುವ ಕೋಣೆ.

ಪೆಟ್ಟಿಗೆ ಕಟ್ಟುವುದು

ಗಾಜು ಮತ್ತು ಪ್ಲೈವುಡ್ ಮಾರುವ ಅಂಗಡಿಗೆ ಹೋಗಿ 3 ಮಿ.ಮೀ. ದಪ್ಪದ ಕನ್ನಡಿಯಲ್ಲಿ ಒಂದು ಅಡಿ ಚದರದ ಆರು ತುಂಡುಗಳನ್ನು ಕತ್ತರಿಸಿಕೊಳ್ಳಿ. ಒಂದು ಅಡಿಯೇ ಆಗಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, ಸಾಗುವ ದೂರ ಸುಮಾರು 30 ಸೆಂ.ಮೀ. ಹೆಚ್ಚುಕಡಿಮೆ ಒಂದು ಅಡಿ. ಪೆಟ್ಟಿಗೆ ಒಂದು ಅಡಿಯದಾದರೆ ಮುಂದಿನ ಲೆಕ್ಕವನ್ನೆಲ್ಲ ಮಕ್ಕಳು ಬಾಯಲ್ಲೇ ಮಾಡಬಹುದು.

ಅಂಚು ಉಜ್ಜಿಸಿಕೊಡಲು ಅಂಗಡಿಯವರಿಗೆ ಹೇಳಿ. ಇದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೊಡಬೇಕಾದರೂ ಕೊಡಿ. ಉಜ್ಜದ ಗಾಜಿನ ಅಂಚು ಬ್ಲೇಡಿಗೆ ಸಮ. ಆರೂ ತುಂಡು ಸೇರಿ ನಾಲ್ಕು ಕಿಲೋಗೂ ಹೆಚ್ಚು ತೂಗುತ್ತವೆ. ಹಾಗಾಗಿ ಬೈಕಿನ ಹಿಂದೆ ಮಗುವಿನ ಕೈಗೆ ಕೊಟ್ಟು ತರಬೇಡಿ.

ಒಂದು ತುಂಡಿನ ಹಿಂಬದಿಯ ಬಣ್ಣವನ್ನು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೆರೆದು ತೆಗೆಯಬೇಕು. ಅದೇ ನಮ್ಮ ಇಣುಕುಕಿಂಡಿ. ಉಗುರುಬಣ್ಣ ಅಳಿಸುವ ದ್ರವವನ್ನು ಹತ್ತಿಯಲ್ಲಿ ಅದ್ದಿ ಆ ಜಾಗದ ಮೇಲೆ ಸ್ವಲ್ಪ ಹೊತ್ತು ಇಟ್ಟು, ಬ್ಲೇಡನ್ನು ಓರೆಯಾಗಿ ಹಿಡಿದು ನಿಧಾನವಾಗಿ ಕೆರೆಯಿರಿ. ಮೊದಲು ಬಣ್ಣ ಸಿಪ್ಪೆಯಂತೆ ಏಳುತ್ತದೆ, ಅದರಡಿಯಲ್ಲಿ ತೆಳ್ಳನೆಯ ಲೋಹದ ಪದರ ಹೊಳೆಯುತ್ತದೆ. ಆ ಪದರವೇ ನಿಜವಾದ ಕನ್ನಡಿ, ಗಾಜು ಅದನ್ನು ಹೊತ್ತ ಹಲಗೆ ಮಾತ್ರ. ಲೋಹವೂ ಹೋದ ಮೇಲೆ ಸ್ವಚ್ಛ ಗಾಜು ಉಳಿಯುತ್ತದೆ. ಈ ಕೆಲಸವನ್ನು ದೊಡ್ಡವರೇ ಮಾಡಲಿ, ಆದರೆ ಮಕ್ಕಳು ಪಕ್ಕದಲ್ಲಿ ಕೂತು ನೋಡಲಿ. ಕಿಂಡಿ ನಟ್ಟನಡುವೆ ಬೇಡ, ಎರಡು ಬೆರಳಷ್ಟು ಬದಿಗಿರಲಿ. ನಡುವೆ ಇದ್ದರೆ ಎದುರಿನ ಕನ್ನಡಿಯಲ್ಲಿ ಕಾಣುವ ಕಿಂಡಿಯ ಬಿಂಬವೇ ನೋಟಕ್ಕೆ ಅಡ್ಡ ಬರುತ್ತದೆ.

ಒಂದು ಕನ್ನಡಿಯನ್ನು ಮುಖ ಮೇಲಾಗಿ ಮಲಗಿಸಿ, ಅದರ ಮೇಲೆ ನಾಲ್ಕು ಗೋಡೆಗಳನ್ನು ಹೊಳೆಯುವ ಮುಖ ಒಳಗಾಗುವಂತೆ ನಿಲ್ಲಿಸಿ. ಒಂದರ ಅಂಚು ಮತ್ತೊಂದರ ಮುಖಕ್ಕೆ ತಾಗುವಂತೆ ಸುತ್ತಲೂ ಒಂದೇ ಕ್ರಮದಲ್ಲಿ ಜೋಡಿಸಿದರೆ, ಎಲ್ಲ ತುಂಡುಗಳೂ ಒಂದೇ ಅಳತೆಯವಾದರೂ ಚೌಕ ಸರಿಯಾಗಿ ಕೂರುತ್ತದೆ. ಹೊರಗಿನಿಂದ ಅಗಲವಾದ ಕಪ್ಪು ಟೇಪ್ ಸುತ್ತಿ. ಆರನೆಯದು ಮುಚ್ಚಳ; ಅದರ ಒಂದು ಅಂಚಿಗೆ ಮಾತ್ರ ಟೇಪ್ ಹಚ್ಚಿದರೆ ಬಾಗಿಲಿನಂತೆ ತೆರೆದು ಮುಚ್ಚಬಹುದು.

ದೀಪಕ್ಕೆ ಒಂದು ಬಿಳಿ ಎಲ್‌ಇಡಿ ಮತ್ತು 3 ವೋಲ್ಟ್‌ನ ಬಟನ್ ಸೆಲ್ ಸಾಕು. ಎಲ್‌ಇಡಿಯ ಉದ್ದ ಕಾಲು ಸೆಲ್ಲಿನ ಪ್ಲಸ್ ಮುಖಕ್ಕೆ, ಗಿಡ್ಡ ಕಾಲು ಮೈನಸ್ ಮುಖಕ್ಕೆ ತಾಗುವಂತೆ ಹಿಡಿದು ಟೇಪ್ ಸುತ್ತಿದರೆ ದೀಪ ಉರಿಯುತ್ತದೆ. ಎರಡು ಎಚ್ಚರಿಕೆಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬಟನ್ ಸೆಲ್ಲನ್ನು ಚಿಕ್ಕ ಮಗು ನುಂಗಿದರೆ ಪ್ರಾಣಕ್ಕೇ ಅಪಾಯ. ಕೆಲಸ ಮುಗಿದ ಕೂಡಲೇ ಎತ್ತಿಡಿ. ಜಾತ್ರೆಯಲ್ಲಿ ಮಾರುವ ಲೇಸರ್ ಟಾರ್ಚನ್ನು ಈ ಪೆಟ್ಟಿಗೆಯ ಹತ್ತಿರಕ್ಕೂ ತರಬೇಡಿ. ಕನ್ನಡಿಗಳ ನಡುವೆ ಪುಟಿದ ಲೇಸರ್ ಯಾವ ದಿಕ್ಕಿನಿಂದ ಕಣ್ಣಿಗೆ ಹೊಡೆಯುತ್ತದೆ ಎಂದು ಹೇಳಲಾಗದು.

ಇಣುಕಿ ನೋಡುವುದು

ದೀಪವನ್ನು ಒಳಗಿಟ್ಟು, ಅದರ ಪಕ್ಕದಲ್ಲಿ ಒಂದು ಪುಟ್ಟ ಮಣ್ಣಿನ ಬಸವನನ್ನೋ ಗೊಂಬೆಯನ್ನೋ ನಿಲ್ಲಿಸಿ, ಮುಚ್ಚಳ ಹಾಕಿ ಕಿಂಡಿಗೆ ಕಣ್ಣಿಡಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಮುಂದಕ್ಕೆ ದೀಪಗಳ ಸಾಲು. ಮೊದಲ ಸಲ ಯಾರೇ ನೋಡಿದರೂ ಒಂದು ಉದ್ಗಾರ ಹೊರಡುತ್ತದೆ. ಅದು ಅಡಗಿದ ಮೇಲೆ ಮಕ್ಕಳಿಗೆ ಮೂರು ಕೆಲಸ ಕೊಡಿ.

ಒಂದೇ ದಿಕ್ಕಿನ ಸಾಲನ್ನು ಹಿಡಿದು ಗೊಂಬೆಗಳನ್ನು ಗಮನಿಸಲಿ. ಒಂದು ಮುಖ ತೋರಿಸಿದರೆ ಮುಂದಿನದು ಬೆನ್ನು ತೋರಿಸುತ್ತದೆ. ಎದುರಿನ ಕನ್ನಡಿ ತೋರಿಸುವ ಬಿಂಬ, ಆ ಬಿಂಬಕ್ಕೆ ಹಿಂದಿನ ಕನ್ನಡಿಯಲ್ಲಿ ಮತ್ತೊಂದು ಬಿಂಬ, ಹೀಗೆ ಸರದಿ ತಪ್ಪದೆ ನಡೆಯುತ್ತದೆ. ಎಷ್ಟನೆಯ ಗೊಂಬೆ ಎಂದು ಎಣಿಸಿದರೆ ಬೆಳಕು ಎಷ್ಟು ಸಲ ಪುಟಿದು ಬಂದಿದೆ ಎಂದು ಹೇಳಬಹುದು. ಹತ್ತನೆಯ ಗೊಂಬೆಯಿಂದ ಬಂದ ಬೆಳಕು ಹತ್ತು ಸಲ ಕನ್ನಡಿಗೆ ಬಡಿದು, ಸುಮಾರು ಹತ್ತು ಅಡಿ ನಡೆದು, ಹತ್ತು ನ್ಯಾನೊಸೆಕೆಂಡಿನಷ್ಟು ತಡವಾಗಿ ಕಣ್ಣಿಗೆ ಬಂದಿದೆ. ಕಾಣುತ್ತಿರುವ ಸಾಲು ದೂರದ ಸಾಲಿನಂತೆ ತೋರಿದರೂ ಅದು ಕಾಲದ ಸಾಲು ಕೂಡ. ಈ ಮಾತನ್ನು ನಿಧಾನವಾಗಿ, ಎರಡು ಸಲ ಹೇಳಿ. ಅರ್ಥವಾದ ಕ್ಷಣ ಮಗುವಿನ ಮುಖದಲ್ಲೇ ಗೊತ್ತಾಗುತ್ತದೆ.

ಎರಡನೆಯದು ಬಣ್ಣ. ದೂರದ ದೀಪಗಳು ಮಂಕಾಗುವುದರ ಜೊತೆಗೆ ಹಸಿರಾಗುತ್ತವೆ. ಸಾಧಾರಣ ಗಾಜಿನಲ್ಲಿ ಸ್ವಲ್ಪ ಕಬ್ಬಿಣದ ಅಂಶ ಇರುತ್ತದೆ, ಅದು ಕೆಂಪನ್ನು ಹಸಿರಿಗಿಂತ ಹೆಚ್ಚು ಹೀರುತ್ತದೆ. ಒಂದು ಸಲ ಹಾದುಹೋದಾಗ ಕಣ್ಣಿಗೆ ತಿಳಿಯದ ವ್ಯತ್ಯಾಸ, ಪ್ರತಿ ಸಲ ಕನ್ನಡಿಗೆ ಬಡಿದಾಗಲೂ ಗಾಜನ್ನು ಎರಡು ಬಾರಿ ದಾಟಿ ದಾಟಿ, ಕೂಡುತ್ತಾ ಹೋಗಿ ಎದ್ದು ಕಾಣುತ್ತದೆ.

ಮೂರನೆಯದಕ್ಕೆ ಮುಚ್ಚಳ ತೆರೆದು, ಮೂರು ಕನ್ನಡಿ ಕೂಡುವ ಕೆಳಮೂಲೆಯನ್ನು ನೋಡಲಿ. ತಲೆಯನ್ನು ಎತ್ತ ಸರಿಸಿದರೂ ಆ ಮೂಲೆಯಲ್ಲಿ ತಮ್ಮ ಕಣ್ಣೇ ಕಾಣುತ್ತದೆ. ಒಂದಕ್ಕೊಂದು ಲಂಬವಾಗಿ ಕೂಡುವ ಮೂರು ಕನ್ನಡಿಗಳ ಮೂಲೆಗೆ ಬಿದ್ದ ಬೆಳಕು ಬಂದ ದಾರಿಗೆ ಸಮಾನಾಂತರವಾಗಿ ಹಿಂದಿರುಗುತ್ತದೆ. ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆ ಹೊಳೆಯುವುದು ಈ ಗುಣದಿಂದಲೇ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟು ಬಂದ ಪ್ರತಿಫಲಕದಲ್ಲೂ, 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ಮೇಲಿರುವ ಪುಟ್ಟ ಪ್ರತಿಫಲಕದಲ್ಲೂ ಇಂಥ ಮೂಲೆಗಳೇ ಇವೆ. ಎರಡೇ ಕನ್ನಡಿಗಳನ್ನು 90 ಡಿಗ್ರಿಗೆ ಹಿಡಿದರೆ 3 ಬಿಂಬ, 60ಕ್ಕೆ 5, 45ಕ್ಕೆ 7 ಎಂಬ ಪಠ್ಯದ ಲೆಕ್ಕವನ್ನೂ ಇದೇ ಹೊತ್ತಿನಲ್ಲಿ ಮುಗಿಸಿಬಿಡಬಹುದು.

ಆ ಪ್ರಶ್ನೆಗೆ ಉತ್ತರ

ಮನೆಬಳಕೆಯ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವುದಿಲ್ಲ. ಲೆಕ್ಕಕ್ಕೆ ನೂರರಲ್ಲಿ 90 ಪಾಲು ಹಿಂದಿರುಗುತ್ತದೆ, 10 ಪಾಲು ಕನ್ನಡಿಯೊಳಗೆ ಶಾಖವಾಗಿ ಕರಗುತ್ತದೆ ಎಂದುಕೊಳ್ಳೋಣ. ಕ್ಯಾಲ್ಕುಲೇಟರಿನಲ್ಲಿ 0.9ನ್ನು 0.9ರಿಂದ ಗುಣಿಸುತ್ತಾ ಹೋಗಲು ಮಕ್ಕಳಿಗೆ ಹೇಳಿ. ಏಳನೆಯ ಪ್ರತಿಫಲನಕ್ಕೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಇಪ್ಪತ್ತೆರಡಕ್ಕೆ ಹತ್ತನೇ ಒಂದು ಭಾಗ. ನಲವತ್ತನಾಲ್ಕಕ್ಕೆ ನೂರರಲ್ಲಿ ಒಂದು. ನೂರ ಮೂವತ್ತೆರಡಕ್ಕೆ ಬರುವ ಹೊತ್ತಿಗೆ ಹತ್ತು ಲಕ್ಷದಲ್ಲಿ ಒಂದು ಪಾಲೂ ಇರುವುದಿಲ್ಲ. ಒಂದು ಅಡಿಯ ಪೆಟ್ಟಿಗೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಇಷ್ಟೆಲ್ಲ ನಡೆಯಲು ಬೇಕಾದದ್ದು 132 ನ್ಯಾನೊಸೆಕೆಂಡು. ಓರೆಯಾಗಿ ಹೋಗುವ ಕಿರಣಗಳು ಮೂಲೆಗಳ ಬಳಿ ಇನ್ನೂ ಬೇಗ ಗೋಡೆ ಮುಟ್ಟುವುದರಿಂದ ನಿಜವಾದ ಕಾಲ ಇನ್ನೂ ಕಡಿಮೆ. ಕ್ಯಾಮೆರಾದ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಶಟರ್ ಎಂದರೆ ಹತ್ತು ಲಕ್ಷ ನ್ಯಾನೊಸೆಕೆಂಡು. ಮುಚ್ಚಳ ಹಾಕುವ ಕೈ ಅಲುಗುವ ಮೊದಲೇ ಬೆಳಕಿನ ಕಥೆ ಮುಗಿದಿರುತ್ತದೆ.

ಹಾಗಿದ್ದರೆ ದೀಪ ಉರಿಯುತ್ತಿರುವಾಗ ಪೆಟ್ಟಿಗೆ ಅಷ್ಟೊಂದು ಬೆಳಗುವುದೇಕೆ? ಸೋರುವ ಕೊಡಕ್ಕೆ ನಲ್ಲಿ ಬಿಟ್ಟಂತೆ ಇದು: ಬರುವಷ್ಟೇ ನೀರು ಸೋರಿಹೋಗುವ ಮಟ್ಟಕ್ಕೆ ಏರಿ ನಿಲ್ಲುತ್ತದೆ. ದೀಪದ ಹೊಸ ಬೆಳಕು 1, ಒಂದು ಸಲ ಪುಟಿದ ಹಳೆಯದು 0.9, ಎರಡು ಸಲ ಪುಟಿದದ್ದು 0.81, ಹೀಗೆ ಎಲ್ಲವನ್ನೂ ಕೂಡಿದರೆ ಮೊತ್ತ 10. ಬರಿಯ ದೀಪ ಗೋಡೆಗೆ ಕೊಡುತ್ತಿದ್ದ ಬೆಳಕಿನ ಹತ್ತು ಪಟ್ಟು ಈಗ ಗೋಡೆಯ ಮೇಲೆ ಬೀಳುತ್ತಿದೆ. ಶಕ್ತಿ ಎಲ್ಲಿಂದಲೋ ಹುಟ್ಟಿಲ್ಲ. ಅದೇ ಬೆಳಕು ಮತ್ತೆ ಮತ್ತೆ ಎಣಿಕೆಗೆ ಸಿಗುತ್ತಿದೆ. 100ರಲ್ಲಿ 99 ಹಿಂದಿರುಗಿಸುವ ಕನ್ನಡಿಯಾದರೆ ಈ ಮೊತ್ತ 100. ಪ್ರತಿ ಸಲ ಆಗುವ ನಷ್ಟ ಎಷ್ಟು ಎಂಬ ಒಂದೇ ಸಂಖ್ಯೆ ಪೆಟ್ಟಿಗೆಯೊಳಗಿನ ಎಲ್ಲವನ್ನೂ ನಿರ್ಧರಿಸುತ್ತದೆ.

ಆ ನಷ್ಟದಲ್ಲಿ ನಮ್ಮ ಪಾಲೂ ಇದೆ. ಕಿಂಡಿಯಿಂದ ಹೊರಬಿದ್ದ ಬೆಳಕು ಒಳಗಿನವರಿಗೆ ನಷ್ಟ. ಕಣ್ಣಿನ ಪರದೆ ಹೀರಿಕೊಂಡದ್ದೇ ನಮಗೆ ನೋಟ. ಬೆಳಕನ್ನು ಒಂದಿಷ್ಟೂ ಕಳೆಯದೆ ಅದು ಒಳಗಿದೆಯೇ ಎಂದು ಸುಮ್ಮನೆ ಇಣುಕಿ ನೋಡುವ ಉಪಾಯ ಈ ಪೆಟ್ಟಿಗೆಯಲ್ಲಿ ಇಲ್ಲ.

ಬೆಳಕನ್ನು ಹೆಚ್ಚು ಹೊತ್ತು ಹಿಡಿದಿಟ್ಟವರೂ ಇದ್ದಾರೆ. ಫ್ರಾನ್ಸಿನ ಸೆರ್ಜ್ ಹರೋಶ್ ಅವರ ತಂಡ ನಿಯೋಬಿಯಂ ಎಂಬ ಅತಿವಾಹಕ (ತೀರಾ ತಣಿದಾಗ ವಿದ್ಯುತ್ತಿಗೆ ತಡೆಯನ್ನೇ ಒಡ್ಡದ) ಲೋಹದ ಎರಡು ಕನ್ನಡಿಗಳನ್ನು 3 ಸೆಂ.ಮೀ.ಗೂ ಕಡಿಮೆ ಅಂತರದಲ್ಲಿ ನಿಲ್ಲಿಸಿ, ಪರಮ ಶೂನ್ಯ ಎಂಬ ಅತಿ ಕನಿಷ್ಠ ಉಷ್ಣತೆಯ ಸಮೀಪಕ್ಕೆ ತಣಿಸಿ, ಕಣ್ಣಿಗೆ ಕಾಣದ ಮೈಕ್ರೋವೇವ್‌ನ ಒಂದೇ ಒಂದು ಫೋಟಾನನ್ನು, ಅಂದರೆ ಬೆಳಕಿನ ಒಂದೇ ಕಣವನ್ನು, ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಹೊತ್ತು ಉಳಿಸಿಕೊಂಡಿತು. ಅಷ್ಟು ಹೊತ್ತಿನಲ್ಲಿ ಅದು ಭೂಮಿಯನ್ನು ಒಂದು ಸುತ್ತು ಹಾಕುವಷ್ಟು, ಸುಮಾರು 40,000 ಕಿ.ಮೀ. ದೂರವನ್ನು ಆ ಪುಟ್ಟ ಸಂದಿನಲ್ಲೇ ಓಡಾಡಿ ಕ್ರಮಿಸಿತ್ತು. ಫೋಟಾನನ್ನು ಹೀರದೆಯೇ ಅದು ಅಲ್ಲಿದೆಯೇ ಎಂದು ಪರಮಾಣುಗಳ ಮೂಲಕ ಕೇಳುವ ದಾರಿಯನ್ನೂ ಅವರು ಕಂಡುಹಿಡಿದರು. 2012ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರ ಪಾಲು ಈ ಕೆಲಸಕ್ಕೆ ಸಂದದ್ದು. ಮೇಳದಲ್ಲಿ ನಿಂತ ಮಗುವಿಗೆ ಇದನ್ನು ಹೇಳಲೇಬೇಕು.

ರಟ್ಟಿನ ಪೆಟ್ಟಿಗೆ, ಮೂರು ಅಸ್ತರಿ

ಗಾಜಿನ ಖರ್ಚು ಬೇಡ ಎನ್ನುವ ಶಾಲೆಗಳು ಇಲ್ಲಿಂದಲೇ ಶುರುಮಾಡಬಹುದು. ಕಿರಾಣಿ ಅಂಗಡಿಯ ಒಂದು ಅಡಿಯ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು, ಒಳಗೆ ಮೊದಲು ಕಪ್ಪು ಚಾರ್ಟ್ ಪೇಪರ್, ಆಮೇಲೆ ಬಿಳಿ ಚಾರ್ಟ್ ಪೇಪರ್, ಕೊನೆಗೆ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಪ್ರತಿ ಸಲವೂ ಬೆಳಕನ್ನು ಅಳೆಯಿರಿ. ಅಳೆಯಲು ಆಂಡ್ರಾಯ್ಡ್ ಮೊಬೈಲ್ ಸಾಕು. ಮುಂದಿನ ಕ್ಯಾಮೆರಾದ ಪಕ್ಕದಲ್ಲಿ ಬೆಳಕಿನ ಸಂವೇದಕ ಇರುತ್ತದೆ. ಲಕ್ಸ್, ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಪ್ರಮಾಣ, ಅಳೆಯುವ ಯಾವುದೇ ಉಚಿತ ಆ್ಯಪ್ ಅದನ್ನು ಓದುತ್ತದೆ.

ದೀಪವನ್ನು ಒಂದು ಮೂಲೆಯಲ್ಲಿ ಎದುರು ಗೋಡೆಯ ಕಡೆಗೆ ತಿರುಗಿಸಿ ಇಡಿ, ಮೊಬೈಲಿಗೂ ದೀಪಕ್ಕೂ ನಡುವೆ ಒಂದು ರಟ್ಟಿನ ಅಡ್ಡಗೋಡೆ ನಿಲ್ಲಿಸಿ. ನೇರ ಬೆಳಕು ಸಂವೇದಕಕ್ಕೆ ಬೀಳಬಾರದು, ಪುಟಿದು ಬಂದದ್ದು ಮಾತ್ರ ಸಿಗಬೇಕು. ಪರದೆಯ ಬೆಳಕನ್ನು ಕನಿಷ್ಠಕ್ಕೆ ಇಳಿಸಿ, ಸಂವೇದಕ ಬಿಟ್ಟು ಉಳಿದ ಪರದೆಯನ್ನು ಕಪ್ಪು ಕಾಗದದಿಂದ ಮುಚ್ಚಿ, ಸ್ಕ್ರೀನ್ ರೆಕಾರ್ಡಿಂಗ್ ಹಾಕಿ ಪೆಟ್ಟಿಗೆ ಮುಚ್ಚಿ. ಆಮೇಲೆ ತೆರೆದು ಅಂಕಿಗಳನ್ನು ಓದಿಕೊಳ್ಳಿ. ಕಪ್ಪು ಕಾಗದದಲ್ಲಿ ಸಂವೇದಕಕ್ಕೆ ಏನೂ ಸಿಗದಂತಾಗುತ್ತದೆ. ಬಿಳಿ ಕಾಗದದಲ್ಲಿ ಅಂಕಿ ಹತ್ತಾರು ಪಟ್ಟು ಏರುತ್ತದೆ. ಮೊಬೈಲನ್ನು ಒಳಗಿಟ್ಟದ್ದೂ ಒಂದು ನಷ್ಟವೇ. ಹತ್ತು ಪಟ್ಟು ಕೊಡಬೇಕಿದ್ದ ಪೆಟ್ಟಿಗೆಯಲ್ಲಿ ಒಂದು ಕಪ್ಪು ಮೊಬೈಲ್ ಇಟ್ಟರೆ ಎಂಟು ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ.

ಬಿಳಿ ಅಸ್ತರಿ ಇರುವಾಗಲೇ ಇನ್ನೊಂದನ್ನು ಮಾಡಿ. ನನಗೆ ಈ ಇಡೀ ಸರಣಿಯಲ್ಲಿ ಅತ್ಯಂತ ಪ್ರಿಯವಾದದ್ದು ಇದು. ದೀಪ ತೆಗೆದು, ಪೆಟ್ಟಿಗೆ ಮುಚ್ಚಿ, ಒಂದು ಮಗ್ಗುಲಿಗೆ 1 ಸೆಂ.ಮೀ. ಅಗಲದ ತೂತು ಮಾಡಿ. ತೂತಿನ ಪಕ್ಕದಲ್ಲೇ ಕಪ್ಪು ಚಾರ್ಟ್ ಪೇಪರಿನ ಅಷ್ಟೇ ಗಾತ್ರದ ಬಿಲ್ಲೆ ಅಂಟಿಸಿ, ಪೆಟ್ಟಿಗೆಯನ್ನು ಬಿಸಿಲಿಗೆ ಇಡಿ. ಒಳಗೆಲ್ಲ ಅಚ್ಚ ಬಿಳಿ. ಆದರೂ ತೂತು ಕಪ್ಪು ಕಾಗದಕ್ಕಿಂತ ಕಪ್ಪಾಗಿ ಕಾಣುತ್ತದೆ. ತೂತಿನಿಂದ ಒಳಹೋದ ಬೆಳಕು ಗೋಡೆಯಿಂದ ಗೋಡೆಗೆ ಅಲೆದು, ಮತ್ತೆ ಅದೇ ಸಣ್ಣ ತೂತನ್ನು ಹುಡುಕಿ ಹೊರಬರುವ ಮೊದಲೇ ಕರಗುತ್ತದೆ. ಗೋಡೆ ನೂರಕ್ಕೆ 80 ಹಿಂದಿರುಗಿಸಿದರೂ ಹೊರಬರುವುದು ಹತ್ತು ಸಾವಿರದಲ್ಲಿ ಆರು ಪಾಲು. ನಡುಹಗಲಿನಲ್ಲಿ ಬೀದಿಯಿಂದ ನೋಡಿದರೆ ಸುಣ್ಣ ಬಳಿದ ಮನೆಯ ಕಿಟಕಿಗಳೂ ಕಪ್ಪಾಗಿ ಕಾಣುವುದು ಇದಕ್ಕೇ.

ಈ ಕಪ್ಪು ತೂತು ಭೌತಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಪೆಟ್ಟಿಗೆಯನ್ನು ಕಾಯಿಸಿದರೆ ತೂತು ಹೊಳೆಯುತ್ತದೆ, ಆ ಹೊಳಪು ಗೋಡೆ ಯಾವುದರದ್ದು ಎಂದು ನೋಡದೆ ಉಷ್ಣತೆಯೊಂದನ್ನೇ ಅನುಸರಿಸುತ್ತದೆ. ಚೆನ್ನಾಗಿ ಕಾದ ಇಟ್ಟಿಗೆ ಭಟ್ಟಿಯ ಬಾಯಲ್ಲಿ ದೂರದಿಂದ ನೋಡಿದವರಿಗೆ ಗೊತ್ತು: ಯಾವುದು ಇಟ್ಟಿಗೆ, ಯಾವುದು ಸಂದು ಎಂಬ ಗೆರೆಗಳೇ ಅಳಿಸಿ ಎಲ್ಲ ಒಂದೇ ಕೆಂಪು. ಈ ಬೆಳಕಿನ ಲೆಕ್ಕ ಸರಿಹೊಂದಿಸಲು ಹೋಗಿ 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಶಕ್ತಿಯನ್ನು ತುಣುಕು ತುಣುಕಾಗಿ ಎಣಿಸಿದರು. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿದ್ದ ಸತ್ಯೇಂದ್ರನಾಥ ಬೋಸ್, ಮುಚ್ಚಿದ ಪೆಟ್ಟಿಗೆಯೊಳಗಿನ ಬೆಳಕನ್ನು ಕಣಗಳ ಅನಿಲದಂತೆ ಎಣಿಸಿ ಪ್ಲಾಂಕ್ ಅವರ ಸೂತ್ರವನ್ನೇ ಹೊಸ ದಾರಿಯಿಂದ ಪಡೆದರು. ಅವರ ಬರಹವನ್ನು ಐನ್‌ಸ್ಟೈನ್ ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕಳುಹಿಸಿದರು. ಬೆಳಕಿನ ಕಣದಂಥ ಕಣಗಳಿಗೆ ಬೋಸಾನ್ ಎಂಬ ಹೆಸರು ಬಂದದ್ದು ಬೋಸ್ ಅವರಿಂದ. ರಟ್ಟಿನ ಪೆಟ್ಟಿಗೆಯ ತೂತನ್ನು ತೋರಿಸುವಾಗ ಈ ಹೆಸರನ್ನು ಬಿಡಬೇಡಿ.

ಅಡುಗೆಮನೆಯಲ್ಲಿ ಮೈಕ್ರೋವೇವ್ ಓವನ್ ಇದ್ದರೆ ಅದೂ ಪ್ರತಿಫಲಿಸುವ ಪೆಟ್ಟಿಗೆಯೇ. ಲೋಹದ ಗೋಡೆಗಳ ನಡುವೆ ಸುಮಾರು 12 ಸೆಂ.ಮೀ. ಉದ್ದದ ಅಲೆಗಳು ಪುಟಿಯುತ್ತವೆ. ತಿರುಗುವ ತಟ್ಟೆ ತೆಗೆದು, ತಿರುಗದಂತೆ ಒಂದು ಬೋಗುಣಿ ಮಗುಚಿಟ್ಟು, ಅದರ ಮೇಲೆ ಅಗಲವಾದ ಹಪ್ಪಳ ಇಟ್ಟು ಅರ್ಧ ನಿಮಿಷ ಓಡಿಸಿ. ಪಿಂಗಾಣಿ ಅಥವಾ ಗಾಜಿನ ಬೋಗುಣಿಯೇ ಆಗಬೇಕು, ಸ್ಟೀಲ್ ಖಂಡಿತ ಬೇಡ. ಹಪ್ಪಳ ಅಲ್ಲಲ್ಲಿ ಅರಳಿ, ಅಲ್ಲಲ್ಲಿ ಹಸಿಯಾಗಿ ಉಳಿಯುತ್ತದೆ. ಅಲೆಗಳು ಕೂಡಿದ ಕಡೆ ಬಿಸಿ, ಕಳೆದ ಕಡೆ ತಣ್ಣಗೆ. ಖಾಲಿ ಓವನ್ ಓಡಿಸಬಾರದೆಂದು ಹೇಳುವುದೂ ಇದೇ ಕಾರಣಕ್ಕೆ: ಹೀರುವ ಆಹಾರ ಇಲ್ಲದಿದ್ದರೆ ಶಕ್ತಿ ಒಳಗೇ ಏರಿ ಯಂತ್ರವನ್ನೇ ಸುಡಬಹುದು.

ಕೊನೆಯ ಪೆಟ್ಟಿಗೆ: ನಿಮ್ಮ ಕೋಣೆ

ಚಿತ್ರದುರ್ಗದ ಚಂದ್ರವಳ್ಳಿಯ ಗುಹೆಯೊಳಗೆ ಟಾರ್ಚ್ ಹಿಡಿದು ಹೋದವರು ಗಮನಿಸಿರಬಹುದು, ಬೆಳಕು ಬಿದ್ದಷ್ಟೇ ಜಾಗ ಕಾಣುತ್ತದೆ. ಪಕ್ಕದಲ್ಲಿ ನಿಂತವರ ಮುಖ ಕತ್ತಲಲ್ಲೇ ಇರುತ್ತದೆ. ಟಾರ್ಚ್ ಸಣ್ಣದೆಂದು ದೂರುವಂತಿಲ್ಲ. ಮಸಿಗಟ್ಟಿದಂಥ ಬಂಡೆ ಮೊದಲ ಬಡಿತಕ್ಕೇ ಬೆಳಕನ್ನು ನುಂಗುತ್ತಿದೆ. ಅದೇ ಟಾರ್ಚನ್ನು ಸುಣ್ಣ ಬಳಿದ ಕೋಣೆಯ ಸೂರಿಗೆ ಹಿಡಿದರೆ ಪುಸ್ತಕ ಓದಬಹುದು.

ಈ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕು ಬರುವುದು ಮೇಲಿನ ಗವಾಕ್ಷಿಯಿಂದ, ಇಲ್ಲವೇ ಒಂದೇ ಕಿಟಕಿಯಿಂದ. ಅಂಥ ಕೋಣೆಯಲ್ಲಿ ಹಗಲಿನಲ್ಲೂ ದೀಪ ಹಾಕುವವರು ಗೋಡೆಗೆ ದೊಡ್ಡ ಕನ್ನಡಿ ತಂದು ಹಾಕಿದರೆ ಬೆಳಕಾಗುತ್ತದೆ ಎಂದು ಯೋಚಿಸುತ್ತಾರೆ. ನನ್ನ ಮಾತು ಕೇಳುವುದಾದರೆ ಆ ದುಡ್ಡನ್ನು ಬಿಳಿ ಬಣ್ಣಕ್ಕೆ ಹಾಕಿ, ಮೊದಲು ಸೂರಿಗೆ. ಕನ್ನಡಿ ಬೆಳಕನ್ನು ಒಂದೇ ದಿಕ್ಕಿಗೆ ಕಳುಹಿಸುತ್ತದೆ, ಅಲ್ಲಿ ಕೂತವರ ಕಣ್ಣು ಕುಕ್ಕುತ್ತದೆ. ಮಂದ ಬಿಳಿ ಗೋಡೆ ಅಷ್ಟೇ ಬೆಳಕನ್ನು ಎಲ್ಲ ದಿಕ್ಕಿಗೂ ಹಂಚುತ್ತದೆ. ಲೆಕ್ಕ ಹಿಂದಿನದೇ, ಆದರೆ ನೇರವಾಗಿ ಬಂದ ಬೆಳಕಿನ 1ನ್ನು ಬಿಟ್ಟು: ನೂರಕ್ಕೆ 50 ಹಿಂದಿರುಗಿಸುವ ಮಾಸಲು ಗೋಡೆಗಳ ಕೋಣೆಯಲ್ಲಿ ಪುಟಿದ ಬೆಳಕಿನ ಮೊತ್ತ 1, 80 ಹಿಂದಿರುಗಿಸುವ ಬಿಳಿ ಕೋಣೆಯಲ್ಲಿ 4. ಕಿಟಕಿ, ಬಾಗಿಲು, ಬೀರು, ನೆಲ ಎಲ್ಲವೂ ಬೆಳಕು ತಿನ್ನುವುದರಿಂದ ನಿಜಕ್ಕೂ ನಾಲ್ಕು ಪಟ್ಟು ಸಿಗದು. ಆದರೂ ಕಿಟಕಿಯಿಂದ ದೂರದ ಮೂಲೆಗೆ ತಲುಪುವುದು ಹೆಚ್ಚುಕಡಿಮೆ ಪುಟಿದ ಬೆಳಕೇ ಆದ್ದರಿಂದ ಅಲ್ಲಿನ ವ್ಯತ್ಯಾಸ ದೊಡ್ಡದು. ಗೋಡೆಯ ಕೆಳಪಟ್ಟಿಗೆ ಕೆಮ್ಮಣ್ಣಿನ ಬಣ್ಣವಿದ್ದರೆ ಇಡೀ ಕೋಣೆಯ ಬೆಳಕಿಗೂ ಆ ಕೆಂಪು ಹತ್ತುತ್ತದೆ. ಬಟ್ಟೆ ಹೊಲಿಯುವ, ಬಣ್ಣ ಹೊಂದಿಸುವ ಕೆಲಸ ಮಾಡುವವರು ಆ ಪಟ್ಟಿಯನ್ನೂ ಬಿಳಿ ಮಾಡುವುದು ಒಳ್ಳೆಯದು.

ಬಣ್ಣ ಬಳಿಸುವ ಮೊದಲು ಕೋಣೆಯ ಮೂರು ಜಾಗಗಳಲ್ಲಿ, ಕಿಟಕಿಯ ಬಳಿ, ನಡುವೆ, ಒಳಮೂಲೆಯಲ್ಲಿ, ಮೊಬೈಲನ್ನು ಮುಖ ಮೇಲಾಗಿ ಮೇಜಿನ ಎತ್ತರಕ್ಕೆ ಇಟ್ಟು ಲಕ್ಸ್ ಬರೆದುಕೊಳ್ಳಿ. ಆಕಾಶ ತಿಳಿಯಾಗಿರುವ ದಿನ, ಒಂದು ಗೊತ್ತಾದ ಹೊತ್ತು ಆರಿಸಿ. ಪರದೆ, ಬಾಗಿಲು ಹೇಗಿದ್ದವು ಎಂಬುದನ್ನೂ ಗುರುತು ಹಾಕಿ. ಬಣ್ಣ ಒಣಗಿದ ಮೇಲೆ ಅಂಥದೇ ತಿಳಿ ಆಕಾಶದ ದಿನ, ಅದೇ ಹೊತ್ತಿಗೆ, ಅದೇ ಮೊಬೈಲಿನಲ್ಲಿ ಮತ್ತೆ ಅಳೆಯಿರಿ. ಬೇರೆ ಬೇರೆ ಮೊಬೈಲಿನ ಸಂವೇದಕಗಳು ಒಂದೇ ಬೆಳಕಿಗೆ ಬೇರೆ ಬೇರೆ ಅಂಕಿ ತೋರಿಸುವುದರಿಂದ ಅಂಕಿಗಳನ್ನು ಪಕ್ಕದ ಮನೆಯವರ ಅಂಕಿಗಳೊಂದಿಗೆ ಹೋಲಿಸಲು ಹೋಗಬೇಡಿ. ಒಳಮೂಲೆಯ ಹೊಸ ಅಂಕಿಯನ್ನು ಹಳೆಯದರಿಂದ ಭಾಗಿಸಿದರೆ ನಿಮ್ಮ ಗೋಡೆಗಳು ಗಳಿಸಿಕೊಟ್ಟ ಬೆಳಕಿನ ಪಟ್ಟು ಸಿಗುತ್ತದೆ.